ದಾರಿ ಖಾಲಿ ಇದೆ

ಕಾರಿನ ಮುಂದೆ ಏನೂ ಇರಲಿಲ್ಲ. ಸಗಣಿನೀರಿನ ಥಳಿ ಹೊಡೆದ ಅಂಗಳ ತಲೆಬಾಗಿಲ ತನಕ ಖಾಲಿ ಬಿದ್ದಿತ್ತು, ಅಡ್ಡ ಬರಲು ಒಂದು ಕೋಳಿಯೂ ಇರಲಿಲ್ಲ. ಆದರೂ ಕಾರಿನೊಳಗೆ ಕುಳಿತ ದ್ರಾಕ್ಷಾಯಣಿಯ ಮಡಿಲಲ್ಲಿದ್ದ ಪರದೆಯ ಮೇಲೆ, ಬಂಪರಿನಿಂದ ಗೇಣು ದೂರದಲ್ಲಿ, ಒಂದು ಹಳದಿ ಚುಕ್ಕೆ ತೂಗಾಡುತ್ತಲೇ ಇತ್ತು.

ವಾರದಿಂದ ಆ ಚುಕ್ಕೆ ಅವಳ ತಲೆ ತಿಂದಿತ್ತು. ತಾನೇ ಕಟ್ಟಿ ಕಾರಿಗೆ ಕೂರಿಸಿದ ರಾಡಾರಿನ ಚಿಪ್‌ಗಳನ್ನು ಬಿಚ್ಚಿ ಮತ್ತೆ ಬೆಸುಗೆ ಹಾಕಿದ್ದಳು. ಬಂಪರಿನ ಬಣ್ಣದಲ್ಲಿ ಲೋಹದ ಪುಡಿ ಇದ್ದೀತೆಂದು ಅದನ್ನು ಉಜ್ಜಿ ತೆಗೆದಿದ್ದಳು. ಕೆಂಪು ಕಾರು ಈಗ ಹಲ್ಲು ಬಿದ್ದ ಮುದುಕನ ಹಾಗೆ ಕಾಣುತ್ತಿತ್ತು. ಮುಧೋಳದ ಕಾಲೇಜಿನಲ್ಲಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವ ಹೆಂಗಸು, ಹರೆಯದಿಂದ ಹ್ಯಾಮ್ ರೇಡಿಯೊ ಹಚ್ಚಿಕೊಂಡವಳು, ತನ್ನ ಮನೆಯ ಅಂಗಳದಲ್ಲಿ ಒಂದು ಚುಕ್ಕೆಗೆ ಸೋತು ಕುಳಿತಿದ್ದಳು.

ಅಂದು ಅಮಾವಾಸ್ಯೆ. ಅತ್ತೆ ಬಾಳವ್ವ ಒಳಗಿನಿಂದ ಬಂದು, ಏದುಸಿರು ಬಿಡುತ್ತ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಬಂಪರಿಗೆ ತಂತಿಯಲ್ಲಿ ಕಟ್ಟಿದ್ದ ಹಳೆಯ ನಿಂಬೆಹಣ್ಣು, ಮೆಣಸಿನಕಾಯಿಗಳನ್ನು ಬಿಚ್ಚಿದಳು. ಚುಕ್ಕೆ ಮಾಯವಾಯಿತು. ಹೊಸ ನಿಂಬೆಹಣ್ಣು ಕಟ್ಟಿದಳು. ಚುಕ್ಕೆ ಮೊದಲಿಗಿಂತ ಜೋರಾಗಿ ಬೆಳಗಿತು.

ದ್ರಾಕ್ಷಾಯಣಿ ಹಣೆ ಚಚ್ಚಿಕೊಂಡಳು. ಆಮೇಲೆ ನಗು ತಡೆಯಲಾಗಲಿಲ್ಲ.

"ಅತ್ತಿ, ಅದನ್ನ ಬಿಚ್ರಿ. ನನ್ನ ರಾಡಾರಿಗೆ ಅಡ್ಡ ಬರಾಕತ್ತೈತಿ."

"ಬಿಚ್ಚೂದಿಲ್ಲ. ಮನ್ಯಾಗ ಒಬ್ಬಾಂವ ಗಿಡಕ್ಕ ಗುದ್ದಿ ಬಂದಾನ, ಅಷ್ಟ ಸಾಕು. ನಿನ್ನ ಮಷೀನಿಗೇ ಹೇಳು, ಇದನ್ನ ಬಿಟ್ಟು ಉಳದದ್ದು ನೋಡಂತ."

ಬಾಳವ್ವ ಸಿಟ್ಟಿನಲ್ಲಿ ಅಂದ ಮಾತನ್ನೇ ದ್ರಾಕ್ಷಾಯಣಿ ರಾತ್ರಿ ಊಟದ ಹೊತ್ತಿಗೆ ಪ್ರೋಗ್ರಾಮಿನೊಳಗೆ ಬರೆದಳು. ಅದರಿಂದ ಅವಳಿಗೆ ಇನ್ನೊಂದು ಲಾಭವೂ ಆಯಿತು. ಗುಜರಿಗೆ ಹೋದ ಕಾರುಗಳಿಂದ ಕಿತ್ತ ನಾಲ್ಕು ರಾಡಾರ್ ಚಿಪ್‌ಗಳು ಒಂದಕ್ಕೊಂದು ತಾಳ ತಪ್ಪುತ್ತಿದ್ದವು. ಇಷ್ಟೇ ದೂರದಲ್ಲಿದೆ ಎಂದು ಗೊತ್ತಿರುವ ಒಂದು ವಸ್ತು ಎದುರಿಗಿದ್ದರೆ ಅದನ್ನು ನೋಡಿ ನಾಲ್ಕೂ ತಮ್ಮ ತಾಳ ಸರಿಪಡಿಸಿಕೊಳ್ಳಬಹುದು. ರಸ ತುಂಬಿದ ನಿಂಬೆಹಣ್ಣು ರಾಡಾರಿನ ಅಲೆಗಳನ್ನು ಚೆನ್ನಾಗಿ ಹಿಂದಿರುಗಿಸುತ್ತದೆ, ಅದರ ತಂತಿ ಇನ್ನೂ ಚೆನ್ನಾಗಿ. ಹೀಗೆ ಅತ್ತೆ ದೃಷ್ಟಿಗೆಂದು ಕಟ್ಟಿದ ನಿಂಬೆಹಣ್ಣು ಸೊಸೆಯ ರಾಡಾರಿನ ಅಂಗವಾಯಿತು. ಯಂತ್ರ ಎಚ್ಚರವಿದೆಯೇ ಎಂದು ತಿಳಿಯಬೇಕಾದರೆ ಮೊದಲು ನಿಂಬೆಹಣ್ಣಿನ ಚುಕ್ಕೆ ನೋಡಿದರಾಯಿತು.

ಇಷ್ಟೆಲ್ಲ ಯಾಕೆ ಮಾಡುತ್ತಿದ್ದಳೆಂದರೆ, ಅದಕ್ಕೆ ಹಾದಿಗಣ್ಣಿನ ಕಥೆ ಹೇಳಬೇಕು.

ಹೆದ್ದಾರಿಗೆ ಇಳಿಯುವ ಪ್ರತಿ ಮೋಟಾರು ವಾಹನಕ್ಕೂ ಹಾದಿಗಣ್ಣು ಇರಲೇಬೇಕೆಂದು ಕಾನೂನಾಗಿ ಕೆಲವು ವರ್ಷಗಳಾಗಿದ್ದವು. ಅದೊಂದು ಮೊಹರು ಮಾಡಿದ ಪೆಟ್ಟಿಗೆ. ಮುಂದೆ ಏನಿದೆಯೆಂದು ಕ್ಯಾಮರಾ ಮತ್ತು ರಾಡಾರಿನಿಂದ ನೋಡುತ್ತದೆ, ಬೇಕಾದರೆ ತಾನೇ ಬ್ರೇಕ್ ಹಾಕುತ್ತದೆ, ಕಂಡದ್ದನ್ನೆಲ್ಲ ಹಾದಿಗಣ್ಣು ಮಂಡಳಿಯ ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಅಪಘಾತಗಳು ನಿಜಕ್ಕೂ ಇಳಿದವು. ಜನ ಎಷ್ಟು ಒಗ್ಗಿಕೊಂಡರೆಂದರೆ, "ದಾರಿ ಖಾಲಿ ಇದೆ" ಎಂದು ಪೆಟ್ಟಿಗೆಯ ಹೆಣ್ಣುದನಿ ಹೇಳಿದರೆ ಸಾಕೆಂದು ತಿರುವಿನಲ್ಲಿ ಕತ್ತು ಹೊರಳಿಸುವುದನ್ನೂ ಬಿಟ್ಟರು.

ದ್ರಾಕ್ಷಾಯಣಿಯ ಗಂಡ ಚನ್ನಬಸು ಆಂಬ್ಯುಲೆನ್ಸ್ ಡ್ರೈವರ್. ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ, ರೋಗಿಯನ್ನು ಇಳಿಸಿ ಖಾಲಿ ಗಾಡಿಯಲ್ಲಿ ಜಮಖಂಡಿ ರಸ್ತೆಯಲ್ಲಿ ಮರಳುತ್ತಿದ್ದ. ಕಟಾವಾದ ಹೊಲದಲ್ಲಿ ಯಾರೋ ರವದಿಗೆ ಬೆಂಕಿ ಹಚ್ಚಿದ್ದರು, ಕಬ್ಬಿನ ಒಣಗರಿಯ ಹೊಗೆ ರಸ್ತೆಗೆ ಅಡ್ಡ ಮಲಗಿತ್ತು. ಹೊಗೆಯೊಳಗೆ ಅವನಿಗೆ ಕಬ್ಬು ಹೇರಿ ನಿಂತ ಎತ್ತಿನ ಗಾಡಿಯೊಂದು ಕಂಡಿತು. ಸ್ಟೇರಿಂಗ್ ತಿರುಗಿಸಿದ. ಆಂಬ್ಯುಲೆನ್ಸ್ ಜಾಲಿಗಿಡಕ್ಕೆ ಗುದ್ದಿತು. ಬಲಗೈ ಮುರಿಯಿತು, ಜ್ಞಾನ ತಪ್ಪಿತು. ಜನ ಬರುವಷ್ಟರಲ್ಲಿ ರಸ್ತೆಯ ಮೇಲೆ ಎತ್ತಿನ ಗಾಡಿ ಇರಲಿಲ್ಲ. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಕಡೆಯಿಂದ ಬರುವ ತಂಡಗಳು ಒಂದು ಕಡೆ ನಿಲ್ಲುವವಲ್ಲ. ಪೊಲೀಸರ ಉಸಾಬರಿ ಯಾರಿಗೆ ಬೇಕು, ಗಾಡಿಯವನು ಎತ್ತು ಹೊಡೆದುಕೊಂಡು ಹೋಗಿರಬೇಕು.

ಹಾದಿಗಣ್ಣಿನ ದಾಖಲೆ ಮಾತ್ರ ಸ್ಪಷ್ಟವಾಗಿತ್ತು. ದಾರಿ ಖಾಲಿ ಇತ್ತು. ಚಾಲಕನು ಇಲ್ಲದ್ದನ್ನು ಕಂಡು ವಾಹನ ತಿರುಗಿಸಿದ್ದಾನೆ ಎಂದು ಮಂಡಳಿ ತೀರ್ಮಾನ ಹೊರಡಿಸಿತು. ಲೈಸನ್ಸ್ ಕಾಯಮ್ಮಾಗಿ ರದ್ದಾಯಿತು, ನೌಕರಿ ಹೋಯಿತು. ಊರಿನ ಬಾಯಿ ಕೇಳಬೇಕೆ? ಚಹಾದ ಅಂಗಡಿಯಲ್ಲಿ ಅವನಿಗೆ ದೆವ್ವ ಕಂಡ ಚನ್ನಬಸು ಎಂಬ ಹೆಸರು ಬಿತ್ತು. ಅವನು ಹಾದು ಹೋಗುವಾಗ ಖಾಲಿ ರಸ್ತೆಯಲ್ಲಿ ಸೈಕಲ್ ಹೊರಳಿಸಿ ನಗುವ ಮಹಾನುಭಾವರೂ ಇದ್ದರು. ಅವರ ಮನೆಯ ಬಸುರಿಯರನ್ನು ಇದೇ ಚನ್ನಬಸು ದವಾಖಾನೆ ಮುಟ್ಟಿಸಿದ್ದ ಎಂಬುದು ಆ ನಗೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಅದನ್ನೂ ದ್ರಾಕ್ಷಾಯಣಿ ಸಹಿಸುತ್ತಿದ್ದಳು. ಸಹಿಸಲಾಗದ್ದು ಬೇರೆ. ಚನ್ನಬಸು ಮೊದಮೊದಲು ಗಾಡಿ ಇತ್ತು ಎಂದು ಕೂಗಾಡಿದ. ಬರಬರುತ್ತ, ಇತ್ತು ಅಂತ ಕಾಣಿಸುತ್ತದೆ ಎಂದ. ಈಗ ಅವನೇ, "ಇರಲಿಲ್ಲೇನೋ, ದ್ರಾಕ್ಷಾ. ಮಷೀನ್ ಯಾಕ ಸುಳ್ಳ ಹೇಳತೈತಿ?" ಎನ್ನುತ್ತಿದ್ದ. ಗಂಡನ ಕಣ್ಣು ಕಂಡದ್ದನ್ನು ಗಂಡನಿಂದಲೇ ಕಸಿದುಕೊಂಡಿದ್ದರು. ಅದನ್ನು ಮರಳಿ ತಂದುಕೊಡುವ ತನಕ ಅವಳಿಗೆ ಅನ್ನ ರುಚಿಸುವಂತಿರಲಿಲ್ಲ.

ಕಾರಿಗೆ ಹಾದಿಗಣ್ಣು ಇರಲಿಲ್ಲ, ಹಾಗಾಗಿ ಹೊಸ ರಾಡಾರನ್ನು ಅವಳು ಹೊಲದ ದಾರಿಗಳಲ್ಲೇ ಓಡಿಸಿ ನೋಡಿದಳು. ಜೋಳದ ಕಾಳಿನಷ್ಟು ಉದ್ದದ ಅಲೆಗಳನ್ನು ಅದು ಎದುರಿಗೆ ಚೆಲ್ಲುತ್ತಿತ್ತು. ಅಡ್ಡಕ್ಕೂ ಉದ್ದಕ್ಕೂ ಸಾಲುಸಾಲಾಗಿ ಕೂರಿಸಿದ ಆಂಟೆನಾಗಳು ಹಿಂದಿರುಗಿದ ಅಲೆಗಳನ್ನು ಹಿಡಿದು, ವಸ್ತು ಎಷ್ಟು ದೂರ, ಯಾವ ಪಕ್ಕ, ಎಷ್ಟು ಎತ್ತರ ಎಂದು ಲೆಕ್ಕ ಹಾಕುತ್ತಿದ್ದವು. ಹೊಗೆ, ಧೂಳು, ಮಂಜು ಅದಕ್ಕೆ ಲೆಕ್ಕಕ್ಕಿಲ್ಲ. ಹೊಲದ ಬದುವಿನಲ್ಲಿ ಮಲಗಿದ ಎಮ್ಮೆ ಪರದೆಯ ಮೇಲೆ ಚುಕ್ಕೆಗಳ ಗುಡ್ಡೆಯಾಗಿ ಮೂಡಿ, ಬಾಲ ಬೀಸಿದಾಗ ಒಂದು ಚುಕ್ಕೆ ಅತ್ತಿತ್ತ ಹಾರಿತು. ದ್ರಾಕ್ಷಾಯಣಿಗೆ ಖುಷಿಯಿಂದ ಕಣ್ಣು ತುಂಬಿ ಬಂತು. ಮನೆಗೆ ಬಂದು ಗಂಡನನ್ನು ಕರೆದಳು. ಅವನು ಕಾರಿನ ಹತ್ತಿರವೂ ಸುಳಿಯಲಿಲ್ಲ.

ಮಂಡಳಿಯ ಜೀಪು ಮಾತ್ರ ಬಂತು.

ಹಾದಿಗಣ್ಣಿನ ಅಲೆಗಳ ನಡುವೆ ಅಪರಿಚಿತ ಅಲೆಯೊಂದು ಸೇರಿದ್ದು ಕಂಟ್ರೋಲ್ ರೂಮಿಗೆ ಗೊತ್ತಾಗದೆ ಇರುವುದಿಲ್ಲವಲ್ಲ. ಅನುಮತಿ ಇಲ್ಲದೆ ವಾಹನಕ್ಕೆ ರಾಡಾರ್ ಕೂರಿಸುವುದು ಅಪರಾಧ. ಕೆಂಪು ಕಾರನ್ನು ಎಳೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ದ್ರಾಕ್ಷಾಯಣಿ ಕಂಟ್ರೋಲ್ ರೂಮಿನ ಮುಖ್ಯ ಎಂಜಿನಿಯರ್ ಜಯಸಿಂಹರ ಎದುರು ನಿಂತಿದ್ದಳು. ತುಮಕೂರು ಕಡೆಯ ಮನುಷ್ಯ, ಮಾತು ಮೃದು. ಚನ್ನಬಸುವಿನ ತೀರ್ಮಾನದ ಕೆಳಗೆ ಇದ್ದ ಸಹಿ ಅವರದೇ.

ಗೋಡೆಯಗಲದ ನಕ್ಷೆಯಲ್ಲಿ ಹೆದ್ದಾರಿ ಹೊಳೆಯುತ್ತಿತ್ತು. ಒಂದೊಂದು ವಾಹನವೂ ಒಂದೊಂದು ಹಸಿರು ಬೆಳಕು.

"ನೋಡಿ ಮೇಡಂ, ನೀವು ಓದಿದವರು," ಎಂದರು ಜಯಸಿಂಹ. "ಒಬ್ಬೊಬ್ಬರು ಒಂದೊಂದು ರಾಡಾರ್ ಕಟ್ಟಿಕೊಂಡು ರಸ್ತೆಗಿಳಿದರೆ ನಮ್ಮ ವ್ಯವಸ್ಥೆ ಏನಾಗಬೇಕು? ಬಿಚ್ಚಿ ಕೊಟ್ಟುಬಿಡಿ. ಕೇಸ್ ಹಾಕೋದಿಲ್ಲ, ಕಾರು ತಗೊಂಡು ಹೋಗಿ."

"ಸರ್, ಒಂದು ಕೇಳತೀನಿ. ಈ ಕಚೇರಿ ಮುಂದಿನ ರಸ್ತಾ ನಕ್ಷಾದಾಗ ಯಾವುದು?"

ಅವರು ತೋರಿಸಿದರು. ಅಲ್ಲಿ ಒಂದೂ ಬೆಳಕಿರಲಿಲ್ಲ.

"ಖಾಲಿ ಐತಿ, ಹೌದಲ್ಲೋ? ಈಗ ಕಿಟಕಿಯಾಗ ನೋಡ್ರಿ."

ಕಿಟಕಿಯ ಕೆಳಗೆ ಕಬ್ಬಿನ ಗಾಡಿಗಳು ಒಂದರ ಹಿಂದೊಂದು ಫ್ಯಾಕ್ಟರಿಯ ಕಡೆ ಸಾಗುತ್ತಿದ್ದವು. ಒಂದು ಗಾಡಿಯ ಎತ್ತು ದಣಿದು ರಸ್ತೆಯಲ್ಲೇ ಕುಳಿತಿತ್ತು. ಗಾಡಿಯವನು ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಬರುವವರಿಗೆ ಗೊತ್ತಾಗಲೆಂದು ಬೇವಿನ ಟೊಂಗೆ ಮುರಿದು ರಸ್ತೆಯ ಮೇಲೆ ಇಟ್ಟಿದ್ದ. ಕಂಟ್ರೋಲ್ ರೂಮಿನ ಹುಡುಗಿಯರು ಕತ್ತು ಚಾಚಿ ನೋಡಿದರು. ಇಷ್ಟು ದಿನ ಅವರು ನಕ್ಷೆಗೆ ಮುಖ ಮಾಡಿ, ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದರು.

ಜಯಸಿಂಹರು ಸುಳ್ಳು ಹೇಳುವ ಮನುಷ್ಯರಲ್ಲ. "ವಾಹನ ಎಲ್ಲಿದೆ ಅಂತ ನಮಗೆ ತಿಳಿಸೋ ಗುರುತಿನ ಬಿಲ್ಲೆ ಎತ್ತಿನ ಗಾಡಿಗಳಿಗೆ ಇಲ್ಲ, ಅದಕ್ಕೆ ನಕ್ಷೆಯಲ್ಲಿ ಬರಲ್ಲ," ಎಂದರು. "ರಾಡಾರಿನ ವಿಷಯ ಹೇಳ್ತೀನಿ ಕೇಳಿ. ಮೊದಲ ವರ್ಷ ನಮ್ಮ ಕಾರುಗಳು ಪ್ರತಿ ಸೇತುವೆ, ಪ್ರತಿ ಬೋರ್ಡ್ ಕಂಡ ಕೂಡಲೇ ಬ್ರೇಕ್ ಹಾಕ್ತಿದ್ವು. ಹಿಂದಿನ ಗಾಡಿ ಬಂದು ಗುದ್ದಿ ಜನ ಸತ್ತರು. ಆಗ ತೀರ್ಮಾನ ಮಾಡಿದ್ವಿ. ಬಿಲ್ಲೆ ಇಲ್ಲದೆ ನಿಂತಿರೋದನ್ನೆಲ್ಲ ರಾಡಾರ್ ಲೆಕ್ಕಕ್ಕೆ ತಗೋಬಾರದು. ನಿಂತದ್ದು ರಸ್ತೆಯ ಭಾಗ ಅಂತ ತಿಳೀಬೇಕು. ಸಾವು ಕಡಿಮೆ ಆಯ್ತು, ಮೇಡಂ. ಅದು ನಿಜ."

"ಖರೆ ಐತಿ, ಇಲ್ಲನ್ನೂದಿಲ್ಲ," ಎಂದಳು ದ್ರಾಕ್ಷಾಯಣಿ. "ಉಳದದ್ದು ಯಾರ ತಲಿ ಮ್ಯಾಲ ಹಾಕಿದ್ರಿ? ನಿಮ್ಮ ಪೆಟಗಿಗೆ ಎತ್ತರ ತಿಳಿಯೂದಿಲ್ಲ, ಮ್ಯಾಲಿನ ಸೇತುವಿ ಯಾವುದು, ಕೆಳಗಿನ ಗಾಡಿ ಯಾವುದು ಗೊತ್ತಾಗೂದಿಲ್ಲ. ಅದಕ್ಕ ಎರಡೂ ಇಲ್ಲ ಅಂದುಬಿಟ್ರಿ. ಇದ್ದದ್ದನ್ನ ಕಂಡಾಂವಗ ದೆವ್ವ ಕಂಡಿ ಅಂದ್ರಿ."

"ನಿಮ್ಮ ರಾಡಾರ್ ಕಾಣುತ್ತೆ ಅನ್ನೋದಕ್ಕೆ ಏನು ಆಧಾರ? ಪರದೆ ಮೇಲೆ ಚಿತ್ರ ಯಾರು ಬೇಕಾದ್ರೂ ಬರೀಬಹುದು."

ಅವಳು ಅವರನ್ನು ಹಿತ್ತಲಲ್ಲಿ ನಿಲ್ಲಿಸಿದ್ದ ಕೆಂಪು ಕಾರಿನ ಬಳಿ ಕರೆದೊಯ್ದಳು. ಸಿಬ್ಬಂದಿಯೆಲ್ಲ ಹಿಂದೆಯೇ ಬಂದರು, ಇಂಥ ಮೋಜು ದಿನಾ ಸಿಗುತ್ತದೆಯೇ? ರಾಡಾರ್ ಚಾಲೂ ಮಾಡಿ ಪರದೆಯನ್ನು ಜಯಸಿಂಹರ ಕೈಗೆ ಕೊಟ್ಟಳು. ಅದರಲ್ಲಿ ಹಿತ್ತಲಿನ ಗೋಡೆ, ನೀರಿನ ಟಾಕಿ, ಗೇಣು ದೂರದಲ್ಲಿ ತೂಗಾಡುವ ಒಂದು ಚುಕ್ಕೆ.

"ಆ ನಿಂಬಿಹಣ್ಣ ನಿಮ್ಮ ಕೈಯಾಗ ಹಿಡಕೊಂಡು ಆಕಡಿ ಈಕಡಿ ಸರಸ್ರಿ."

ಮುಖ್ಯ ಎಂಜಿನಿಯರು ಬಗ್ಗಿ ನಿಂಬೆಹಣ್ಣನ್ನು ಎಡಕ್ಕೆ ಸರಿಸಿದರು. ಚುಕ್ಕೆ ಎಡಕ್ಕೆ ಸರಿಯಿತು. ಮೇಲೆತ್ತಿದರು, ಚುಕ್ಕೆಯೂ ಮೇಲೆ ಹೋಯಿತು. ಮುಷ್ಟಿಯಲ್ಲಿ ಬಂಪರಿನಿಂದ ದೂರ ಎಳೆದರು, ಚುಕ್ಕೆಯೂ ದೂರ ನಡೆಯಿತು. ಸಿಬ್ಬಂದಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು.

"ನನ್ನ ಗುಜರಿ ರಾಡಾರಿಗೆ ನಿಂಬಿಹಣ್ಣ ಕಾಣತೈತಿ. ನಿಮ್ಮದಕ್ಕ ಎತ್ತಿನ ಗಾಡಿ ಕಾಣೂದಿಲ್ಲ," ಎಂದಳು ದ್ರಾಕ್ಷಾಯಣಿ.

ಜಯಸಿಂಹರ ಕಿವಿ ಕೆಂಪಾದವು. "ರಾಡಾರ್ ಒಂದೇ ಅಲ್ಲ ಮೇಡಂ, ಕ್ಯಾಮರಾನೂ ಇದೆ. ಗಾಡಿ ಇದ್ರೆ ಅದು ಖಂಡಿತ ನೋಡುತ್ತೆ."

"ರವದಿ ಹೊಗಿಯೊಳಗ?"

"ಹೊಗೆಯೊಳಗೂ."

"ಹಂಗಾದ್ರ ಬರ್ರಿ. ನಿಮ್ಮ ಜೀಪು, ನಿಮ್ಮ ಹಾದಿಗಣ್ಣು. ನೀವೇ ನಡಸ್ರಿ. ನನ್ನದು ಬಂಪರಿಗೆ ಕಟ್ಟಿರತೈತಿ, ಅದು ಬ್ರೇಕ್ ಮುಟ್ಟೂದಿಲ್ಲ. ನಿಮ್ಮದು ಗಾಡಿ ಕಂಡರ ನನ್ನ ರಾಡಾರ್ ನಾನೇ ಒಡದು ಹಾಕತೀನಿ. ಕಾಣಲಿಲ್ಲ ಅಂದ್ರ ನನ್ನ ಗಂಡನ ಮ್ಯಾಲಿನ ತೀರ್ಮಾನ ನೀವು ಹಿಂದಕ್ಕ ತಗೋಬೇಕು."

ಇಷ್ಟು ಜನರ ಎದುರು ಬೇಡ ಎನ್ನಲು ಜಯಸಿಂಹರಿಗೆ ಬಾಯಿ ಬರಲಿಲ್ಲ. ತಮ್ಮ ಯಂತ್ರದ ಮೇಲೆ ಅವರಿಗೆ ನಿಜವಾದ ನಂಬಿಕೆಯೂ ಇತ್ತು. ಒಪ್ಪಿದರು.

ಮನೆಯಲ್ಲಿ ಚನ್ನಬಸು ಒಪ್ಪಲಿಲ್ಲ. ಸರಿಯಾಗಿ ಕೂಡದ ಬಲಗೈಯನ್ನು ತಿಕ್ಕುತ್ತ ಕಟ್ಟೆಯ ಮೇಲೆ ಕುಳಿತಿದ್ದ.

"ನಾ ಬರೂದಿಲ್ಲ. ನಿನ್ನ ಮಷೀನಿನ್ಯಾಗೂ ಏನೂ ಕಾಣಲಿಲ್ಲ ಅಂದ್ರ? ಆಮ್ಯಾಲ ನಾ ಏನು ಹಿಡಕೊಂಡು ಬದುಕಲಿ?"

ಅವನ ಅಂಜಿಕೆ ಎಲ್ಲಿತ್ತೆಂದು ದ್ರಾಕ್ಷಾಯಣಿಗೆ ಅಂದು ತಿಳಿಯಿತು. ಬೈಯಬೇಕೆಂದಿದ್ದ ಬಾಯಿ ಕಟ್ಟಿತು. ಅವಳ ಪಾಲಿನ ಬೈಗುಳವನ್ನು ಬಾಳವ್ವ ಬೈದಳು.

"ಅಕಿ ಊಟ ನಿದ್ದಿ ಬಿಟ್ಟು ಕಾರಿಗೆ ಕಣ್ಣು ಹಚ್ಚಿದ್ದು ಯಾರ ಸಲುವಾಗೋ? ನೀ ಒಮ್ಮೆರ ಅದರಾಗ ಹಣಿಕಿ ನೋಡೀಯೇನು? ಏಳ, ಅಂಗಿ ಹಾಕ್ಕೋ. ಇಲ್ಲಾಂದ್ರ ನಾ ಹೋಗಿ ಆ ಸಾಹೇಬನ ಜೀಪಿನ್ಯಾಗ ಕುಂಡ್ರತೀನಿ."

ತಾಯಿ ಹೋಗಿ ಕೂರುವವಳೇ ಎಂದು ಚನ್ನಬಸುವಿಗೆ ಗೊತ್ತಿತ್ತು. ಎದ್ದು ಅಂಗಿ ಹಾಕಿಕೊಂಡ.

ಹೊಗೆಗಾಗಿ ಯಾರೂ ಕಷ್ಟಪಡಬೇಕಾಗಲಿಲ್ಲ. ಹಂಗಾಮಿನಲ್ಲಿ ಸಂಜೆಯಾದರೆ ಒಂದಲ್ಲ ಒಂದು ಹೊಲದಲ್ಲಿ ರವದಿ ಉರಿಯುತ್ತದೆ. ಮಂಡಳಿಯವರು ಜಮಖಂಡಿ ರಸ್ತೆಯ ಆ ತುಂಡನ್ನು ಸ್ವಲ್ಪ ಹೊತ್ತು ಬಂದ್ ಮಾಡಿದರು. ಕಬ್ಬು ಕಡಿಯುವ ತಂಡವನ್ನು ನಡೆಸುವ ಮುಕಾದಮ ಹೇರಿದ ಗಾಡಿಯೊಂದನ್ನು ಕೊಟ್ಟ. ಅವನೇ ಎತ್ತು ಬಿಚ್ಚಿ ದೂರ ಕಟ್ಟಿದ, ಗಾಲಿಗೆ ಕಲ್ಲು ಕೊಟ್ಟ, ಯಾರೂ ಹೇಳದಿದ್ದರೂ ರೂಢಿಯಂತೆ ಬೇವಿನ ಟೊಂಗೆ ಮುರಿದು ಹಿಂದೆ ಇಟ್ಟ. ಗಾಡಿ ನಿಂತದ್ದು ಎಲ್ಲಿ ಎಂಬುದು ಜೀಪಿನಲ್ಲಿ ಕುಳಿತವರಲ್ಲಿ ಯಾರಿಗೂ ತಿಳಿಯಬಾರದು ಎಂದು ಕರಾರಾಗಿತ್ತು.

ದ್ರಾಕ್ಷಾಯಣಿ ತನ್ನ ಕಾರಿನಿಂದ ರಾಡಾರ್ ಬಿಚ್ಚಿ ಜೀಪಿನ ಬಂಪರಿಗೆ ಹಗ್ಗದಿಂದ ಬಿಗಿದಳು. ಅದರ ಮುಂದೆ ಇನ್ನೊಂದು ನಿಂಬೆಹಣ್ಣು ಕಟ್ಟಿದಳು. ಸರಕಾರಿ ಜೀಪಿಗೆ ನಿಂಬೆಹಣ್ಣು ಕಟ್ಟಿದ್ದನ್ನು ಕಂಡು ಸಿಬ್ಬಂದಿ ಮುಖ ಮುಖ ನೋಡಿಕೊಂಡರು. ಜಯಸಿಂಹರು ಚಾಲಕನ ಸೀಟಿನಲ್ಲಿ ಕುಳಿತರು, ಪಕ್ಕದಲ್ಲಿ ಅವಳು, ಹಿಂದೆ ಚನ್ನಬಸು. ಪರದೆಯನ್ನು ಅವಳು ಗಂಡನ ಕೈಗೆ ಕೊಟ್ಟಳು.

"ನಾನ್ಯಾಕ?" ಎಂದ ಅವನು.

"ನೀವ ನೋಡ್ರಿ. ಬ್ಯಾರೇದವರು ನೋಡಿ ಹೇಳಿದ್ದು ಸಾಕಾಗೈತಿ ನನಗ."

ಜೀಪು ಹೊರಟಿತು. ಸಂಜೆ ಬಿಸಿಲು ಹೊಗೆಗೆ ಬಡಿದು ಎದುರಿಗೆಲ್ಲ ಕೆಂಪು ಬೂದಿಯ ಬಣ್ಣ. ಮೊದಲು ರಸ್ತೆಯ ಅಂಚಿನ ಗಿಡಗಳು ಮಸುಕಾದವು, ಆಮೇಲೆ ಅಂಚೇ ಕಾಣದಾಯಿತು. ಜಯಸಿಂಹರು ಅಭ್ಯಾಸಬಲದಿಂದ ಸ್ಟೇರಿಂಗಿನ ಮುಂದಿನ ಹಸಿರು ದೀಪವನ್ನೇ ನೋಡುತ್ತಿದ್ದರು.

"ದಾರಿ ಖಾಲಿ ಇದೆ," ಎಂದಿತು ಹಾದಿಗಣ್ಣು.

ಜೀಪು ವೇಗ ಹೆಚ್ಚಿಸಿಕೊಂಡಿತು. ದ್ರಾಕ್ಷಾಯಣಿ ಒಂದು ಕೈಯನ್ನು ಹ್ಯಾಂಡ್‌ಬ್ರೇಕಿನ ಮೇಲೆ ಇಟ್ಟುಕೊಂಡಳು. ಹಿಂದೆ ತಿರುಗಿ ನೋಡಬಾರದೆಂದು ತನಗೇ ಹೇಳಿಕೊಂಡಳು. ಅವಳಿಗೂ ಹೆದರಿಕೆಯಿತ್ತು. ತಂತಿ ಸಡಿಲಾಗಿದ್ದರೆ, ಹಗ್ಗ ಜಾರಿದ್ದರೆ, ಗಂಡನ ಕೈಯಲ್ಲಿ ಮತ್ತೊಂದು ಖಾಲಿ ರಸ್ತೆ ಇಟ್ಟಂತಾಗುತ್ತಿತ್ತು.

ಹಿಂದಿನಿಂದ ಚನ್ನಬಸುವಿನ ಮೆಲ್ಲನೆಯ ದನಿ ಬಂತು.

"ಗಾಡಿ ಐತಿ."

"ದಾರಿ ಖಾಲಿ ಇದೆ."

"ಸಾಹೇಬ್ರ, ಮುಂದ ಗಾಡಿ ಐತಿ," ಎಂದ ಚನ್ನಬಸು. ಈ ಸಲ ದನಿ ಹಳೆಯ ಆಂಬ್ಯುಲೆನ್ಸ್ ಡ್ರೈವರನದಾಗಿತ್ತು. "ನಟ್ಟನಡುವ ಐತಿ. ಎರಡೂ ಗಾಲಿ ಕಾಣಾಕತ್ತಾವ. ಹಿಂದ ಕಲ್ಲ ಇಟ್ಟಾರ. ಬ್ರೇಕ್ ಹಾಕ್ರಿ."

ಜಯಸಿಂಹರು ಎದುರಿಗೆ ನೋಡಿದರು. ಬರೀ ಹೊಗೆ. ದೀಪ ನೋಡಿದರು. ಹಸಿರು. ಕನ್ನಡಿಯಲ್ಲಿ ಹಿಂದೆ ಕುಳಿತವನ ಮುಖ ನೋಡಿದರು. ಆಮೇಲೆ ಅವರ ಕಾಲು ಬ್ರೇಕನ್ನು ತುಳಿದೇಬಿಟ್ಟಿತು.

ಟೈರು ಕಿರುಚಿ ಜೀಪು ನಿಂತಿತು. ಹಾದಿಗಣ್ಣು ಅದೇ ಮೃದುವಾದ ದನಿಯಲ್ಲಿ, ಕಾರಣವಿಲ್ಲದೆ ಬ್ರೇಕ್ ಹಾಕಲಾಗಿದೆ, ದಾರಿ ಖಾಲಿ ಇದೆ ಎಂದು ತಿಳಿಸಿತು.

ಗಾಳಿ ಹೊರಳಿದಂತೆ ಹೊಗೆ ನಿಧಾನವಾಗಿ ಸರಿಯಿತು. ಜೀಪಿನ ಮೂತಿಯಿಂದ ನಾಲ್ಕು ಮಾರು ದೂರದಲ್ಲಿ ಕಬ್ಬಿನ ಗಾಡಿ ನಿಂತಿತ್ತು. ಬೇವಿನ ಟೊಂಗೆ ಜೀಪಿನ ಚಕ್ರದ ಕೆಳಗೆ ಸಿಕ್ಕಿತ್ತು.

ಜಯಸಿಂಹರು ಇನ್ನೂ ಹೊಳೆಯುತ್ತಿದ್ದ ಹಸಿರು ದೀಪವನ್ನು ಅಂಗೈಯಿಂದ ಮುಚ್ಚಿದರು. ದ್ರಾಕ್ಷಾಯಣಿಗೆ ಅವರ ಮೇಲೆ ಕನಿಕರ ಬಂತು, ಆದರೆ ಕೇಳಬೇಕಾದದ್ದನ್ನು ಬಿಡುವಷ್ಟು ಅಲ್ಲ.

"ಸರ್, ನಿಮ್ಮ ಕಣ್ಣಿಗೆ ಏನೂ ಕಾಣಲಿಲ್ಲ. ನಿಮ್ಮ ಮಷೀನ್ ದಾರಿ ಖಾಲಿ ಐತಿ ಅಂತು. ಮತ್ತ ಯಾರ ಮಾತು ನಂಬಿ ಬ್ರೇಕ್ ಹಾಕಿದ್ರಿ?"

ಜಯಸಿಂಹರು ಕನ್ನಡಿಯಲ್ಲಿ ಮತ್ತೊಮ್ಮೆ ಹಿಂದಿನ ಸೀಟನ್ನು ನೋಡಿದರು. ಅದು ಖಾಲಿಯಾಗಿತ್ತು. ಚನ್ನಬಸು ಆಗಲೇ ಇಳಿದು ಗಾಡಿಯ ಹತ್ತಿರ ಹೋಗಿದ್ದ. ಕಬ್ಬಿನ ಹೇರಿನ ಮೇಲೆ ಅಂಗೈಯೂರಿ, ಗಾಲಿಯ ಹಳಿಯನ್ನು ಸವರಿ, ನೊಂದ ಬಲಗೈಯ ಗೆಣ್ಣಿನಿಂದ ನೊಗ ಕಟ್ಟುವ ಮೂಕಿಯನ್ನು ಬಡಿದು ನೋಡಿದ. ಆಮೇಲೆ ಅಲ್ಲೇ, ಗಾಡಿಗೆ ಹಣೆ ಹಚ್ಚಿ, ಸದ್ದು ಮಾಡದೆ ಅತ್ತ. ದ್ರಾಕ್ಷಾಯಣಿ ಹತ್ತಿರ ಹೋಗಲಿಲ್ಲ. ಒಂದು ವರ್ಷದ ಅಳು, ಮುಗಿಯಲಿ ಎಂದು ಬಿಟ್ಟಳು.

ಜೀಪಿನಿಂದ ಇಳಿದ ಜಯಸಿಂಹರು ಮೆಲ್ಲಗೆ ಹೇಳಿದರು. "ತೀರ್ಮಾನ ವಾಪಸ್ ತಗೋತೀನಿ, ಮೇಡಂ. ನಾಳೆಯೇ. ಆದರೆ ಈ ರಾಡಾರ್ ಈಗಲೂ ಕಾನೂನುಬಾಹಿರ. ಪರೀಕ್ಷೆಗೆ ನಮ್ಮ ಕಚೇರಿಗೆ ಒಪ್ಪಿಸಬೇಕಾಗುತ್ತೆ."

"ಹೆಂಗ ಕಟ್ಟಬೇಕು ಅಂತ ಕೇಳ್ರಿ, ಬಂದು ಕಲಿಸಿಕೊಡತೀನಿ. ನಿಮ್ಮ ಹುಡಿಗ್ಯಾರಿಗೆಲ್ಲ ಕಲಿಸತೀನಿ," ಎನ್ನುತ್ತ ದ್ರಾಕ್ಷಾಯಣಿ ಜೀಪಿನ ಮುಂದೆ ಕುಳಿತು ಹಗ್ಗದ ಗಂಟು ಬಿಚ್ಚತೊಡಗಿದಳು. "ಇದನ್ನ ಮಾತ್ರ ಕೊಡೂದಿಲ್ಲ. ಈ ರಸ್ತಾದಾಗ ನಿಂತಾವರು ಕಾಣೂದು ಸದ್ಯಕ್ಕ ಇದೊಂದಕ್ಕ. ಕೇಸ್ ಹಾಕ್ರಿ, ಕೋರ್ಟಿಗೂ ನಿಂಬಿಹಣ್ಣ ತರತೀನಿ."

ನಿಂಬೆಹಣ್ಣನ್ನು ಅವಳು ಬಿಚ್ಚಲಿಲ್ಲ. ಜೀಪಿಗೇ ಇರಲಿ, ಬೇಕಾದೀತು ಎಂದಳು.

ರಸ್ತೆಯ ಪಕ್ಕದಲ್ಲಿ ಸಿಬ್ಬಂದಿ ತಂದು ನಿಲ್ಲಿಸಿದ್ದ ಕೆಂಪು ಕಾರಿಗೆ ರಾಡಾರನ್ನು ಮತ್ತೆ ಕೂರಿಸಿ, ಬೀಗದ ಕೈ ಹಿಡಿದು ಚಾಲಕನ ಬಾಗಿಲಿಗೆ ಬಂದಳು. ಒಳಗೆ ಆಗಲೇ ಚನ್ನಬಸು ಕುಳಿತಿದ್ದ. ಕಣ್ಣು ಕೆಂಪಗಿದ್ದವು, ಕೈ ಚಾಚಿದ್ದ. ಅವಳು ಬೀಗದ ಕೈ ಆ ಅಂಗೈಯಲ್ಲಿಟ್ಟು, ಸುತ್ತು ಹಾಕಿ ಬಂದು ಪಕ್ಕದಲ್ಲಿ ಕುಳಿತಳು.

ಕಾರು ಜಯಸಿಂಹರ ಎದುರಿಗೆ ಬಂದಾಗ ಚನ್ನಬಸು ಕಿಟಕಿಯ ಗಾಜು ಇಳಿಸಿದ.

"ಸಾಹೇಬ್ರ, ನನಗ ಲೈಸನ್ಸ್ ಇಲ್ಲ. ಹಾದಿಗಣ್ಣೂ ಇಲ್ಲ. ಹೆದ್ದಾರಿ ಮ್ಯಾಲ ಹೊಂಟೀನಿ, ಬರಕೋರಿ."

ಜಯಸಿಂಹರು ಬರೆದುಕೊಳ್ಳಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. ಮುಂದೆ ಫ್ಯಾಕ್ಟರಿಯ ತನಕ ಗಾಡಿಗಳ ಸಾಲಿತ್ತು, ಕುಳಿತ ಎತ್ತುಗಳಿದ್ದವು, ಕಬ್ಬಿನ ಜಲ್ಲೆ ಹಿಡಿದು ರಸ್ತೆ ದಾಟುವ ಮಕ್ಕಳಿದ್ದರು. ಚನ್ನಬಸು ಪರದೆಯ ಮೇಲೊಂದು, ರಸ್ತೆಯ ಮೇಲೊಂದು ಕಣ್ಣಿಟ್ಟು, ಒಬ್ಬೊಬ್ಬರಿಗೂ ಹಾರ್ನ್ ಹೊಡೆಯುತ್ತ, ಒಬ್ಬೊಬ್ಬರನ್ನೂ ನೋಡಿ ಬದಿಗೆ ಬಿಡುತ್ತ ಮನೆಯ ಕಡೆ ಕಾರು ನಡೆಸಿದ.